ಕತ್ತಿನ ಹಿಂದಿನ ಗೆರೆ

ನಮ್ಮ ಮಾವನಿಗೆ ಮುಖಗಳು ನೆನಪಿರುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನನ್ನೇ ಎರಡು ಸಲ "ಯಾರಮ್ಮ ನೀನು, ಏನು ಬೇಕಿತ್ತು" ಎಂದು ಕೇಳಿದ ಮಹಾನುಭಾವರು. ಆದರೆ ತಲೆಯನ್ನು ಹಿಂದಿನಿಂದ ತೋರಿಸಿ, ಇಡೀ ಬಡಾವಣೆಯನ್ನು ಒಬ್ಬೊಬ್ಬರಾಗಿ ಹೇಳಿಬಿಡುತ್ತಾರೆ. ನಲವತ್ತಾರು ವರ್ಷ ಕ್ಷೌರದಂಗಡಿ ನಡೆಸಿದವರು. ಅವರ ಮುಂದೆ ಜನ ಕೂರುವುದೇ ಬೆನ್ನು ಹಾಕಿಕೊಂಡು. ಸುಳಿ ಒಂದೋ ಎರಡೋ, ಕತ್ತಿನ ಕೂದಲು ಯಾವ ಕಡೆ ತಿರುಗಿದೆ, ಎಳೆಗೂಸಾಗಿದ್ದಾಗ ತಾಯಿ ಯಾವ ಮಗ್ಗುಲಿಗೆ ಮಲಗಿಸುತ್ತಿದ್ದಳು, ಎಲ್ಲವೂ ಅವರಿಗೆ ಅಂಗೈ ರೇಖೆಯಷ್ಟು ಸಲೀಸು. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಹೆಗಲು ತಟ್ಟಿ, "ಹನ್ನೆರಡು ವರ್ಷ ಎಲ್ಲಿ ಸತ್ತಿದ್ಯೋ" ಎಂದು ಕೇಳಿದರು. ತಿರುಗಿದವನಿಗೆ ಎದೆಯ ತನಕ ಗಡ್ಡ, ದಪ್ಪ ಕನ್ನಡಕ. ಹೆತ್ತ ತಾಯಿಯೂ ಗುರುತಿಸುವ ಹಾಗಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ.

ನಮ್ಮದು ಐದು ಜನರ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ಅಂಗಡಿಯಲ್ಲಿ ಪರದೆಯ ಆಚೆ ಮಾವ ಗಂಡಸರ ತಲೆ ನೋಡುತ್ತಾರೆ, ಈಚೆ ನಾನು ಹೆಂಗಸರದ್ದು. ಟವಲು ಬೇಯಿಸಿ, ಒಣಗಿಸಿ, ಇಸ್ತ್ರಿ ಮಾಡುವುದು ಅತ್ತೆಯ ಖಾತೆ. ಮಗಳು ಒಂಬತ್ತನೇ ತರಗತಿ. ಅವಳಿಗೆ ಪ್ರಶ್ನೆ ಕೇಳುವುದೊಂದೇ ಕೆಲಸ.

ಇನ್ನು ನನ್ನ ಗಂಡ. ಟೈಲ್ಸ್ ಗೋದಾಮಿನಲ್ಲಿ ಸಣ್ಣ ವ್ಯಾನು ಓಡಿಸುತ್ತಾನೆ, ಬೆಳಿಗ್ಗೆ ಐದಕ್ಕೆಲ್ಲ ಹೊರಟುಬಿಡುತ್ತಾನೆ. ಮನೆಯಲ್ಲೂ ಬೀದಿಯಲ್ಲೂ ಅವನನ್ನು ಕರೆಯುವುದು ಸಾಧು ಎಂದೇ. ಯಾರಾದರೂ ಅವನ ಕಾಲು ತುಳಿದರೆ ತಾನೇ ಸಾರಿ ಹೇಳುವ ಪ್ರಾಣಿ. ಗಂಡನನ್ನು ಏಕವಚನದಲ್ಲಿ ಹೇಳುತ್ತೇನೆ ಎಂದು ಅತ್ತೆಗೆ ಸಿಟ್ಟು. ಬರಲಿ. ಈ ಕತೆ ಹೇಳುವಾಗ ನನ್ನ ಬಾಯಿಗೆ ಬಹುವಚನ ಬರುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಅಂಚೆ ಕಚೇರಿಗೆ ಸೈಕಲ್ಲಿನಲ್ಲಿ ಹೊರಟಿದ್ದ ನಮ್ಮ ಅಂಚೆಯಮ್ಮ ಶಾಲೆಯ ರಸ್ತೆಯ ಚರಂಡಿ ಗುಂಡಿಗೆ ಬಿದ್ದರು. ಗುಂಡಿಯ ಮೇಲಿದ್ದ ಕಬ್ಬಿಣದ ಮುಚ್ಚಳವನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಎರಡು ತಿಂಗಳಲ್ಲಿ ಅದು ಐದನೆಯ ಮುಚ್ಚಳ. ತೊಡೆಯ ಮೂಳೆ ಎರಡು ಕಡೆ ಮುರಿದು, ಅವರನ್ನು ಹಗ್ಗ ಹಾಕಿ ಎತ್ತಬೇಕಾಯಿತು. ಬೀದಿಯ ಪ್ರತಿ ಮನೆಯ ಗೇಟಿನ ಚಿಲಕ ಗೊತ್ತಿದ್ದ ಹೆಂಗಸು.

ಬುಧವಾರ ಪೇದೆ ಅಂಗಡಿಗೆ ಬಂದ. ನಮ್ಮ ಹಳೆಯ ಗಿರಾಕಿ. ಆದರೆ ಅವತ್ತು ಗಡ್ಡಕ್ಕಾಗಿ ಬಂದಿರಲಿಲ್ಲ.

"ಅಜ್ಜ, ಮೆಡಿಕಲ್ ಶಾಪಿನ ಕ್ಯಾಮೆರಾದಲ್ಲಿ ಸಿಕ್ಕಿದಾನೆ. ಮುಖ ಇಲ್ಲ, ಬರೀ ಹಿಂದ್ಗಡೆ. ನಿಮ್ಮನ್ನ ಬಿಟ್ರೆ ಇದನ್ನ ಓದೋರು ಯಾರಿದಾರೆ ಹೇಳಿ," ಎಂದು ಫೋನು ಮುಂದೆ ಹಿಡಿದ.

ನಾನೂ ಪರದೆ ಸರಿಸಿ ಇಣುಕಿದೆ. ಬೀದಿದೀಪದ ಕೆಳಗೆ ಬಗ್ಗಿದ ಒಬ್ಬ ಮನುಷ್ಯ, ಬೆನ್ನು, ಒಂದು ತಲೆ. ನನಗೆ ಏನೂ ತಿಳಿಯಲಿಲ್ಲ. ಮಾವ ಕೈ ತೊಳೆದು, ಒರೆಸಿ, ಕನ್ನಡಕ ಹಾಕಿಕೊಂಡು ನೋಡಿದರು. ಒಂದು ತಲೆಗೆ ಅವರು ಅಷ್ಟು ಹೊತ್ತು ತೆಗೆದುಕೊಂಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಗೊತ್ತಾಗ್ತಿಲ್ಲಪ್ಪ," ಎಂದರು.

"ನಿಮಗೇ ಗೊತ್ತಾಗ್ತಿಲ್ವಾ?"

"ವಯಸ್ಸಾಯ್ತು."

ಪೇದೆ ಹೋದ. ಮಾವ ಕುರ್ಚಿಯನ್ನು ಒರೆಸಿದರು. ಯಾರೂ ಕೂತಿರದ ಕುರ್ಚಿಯನ್ನು ಮತ್ತೆ ಒರೆಸಿದರು.

ಸಂಜೆ ಸಾಧು ಬಂದು ಶೂ ಬಿಚ್ಚುತ್ತಿದ್ದಾಗ ಮಾವ ಹಿತ್ತಲ ಬಾಗಿಲಲ್ಲಿ ಸ್ಟೂಲು ಇಟ್ಟರು. "ಬಾ ಇಲ್ಲಿ. ಭಾನುವಾರ ಕರೆಂಟ್ ಹೋಯ್ತಲ್ಲ, ಕತ್ತಿನ ಗೆರೆ ಹಾಗೇ ಉಳಿದುಬಿಟ್ಟಿದೆ."

"ಇನ್ನೊಂದು ಭಾನುವಾರ ಮಾಡಿದ್ರಾಯ್ತು ಬಿಡಪ್ಪ. ಹಸಿವಾಗ್ತಿದೆ."

"ಕೂತ್ಕೋ ಅಂದೆ."

ಸಾಧು ಕೂತ. ನಾನು ಪಾತ್ರೆ ತೊಳೆಯುತ್ತಾ ನೋಡಿದೆ. ಭಾನುವಾರ ಕ್ಷೌರ ಮಾಡುವಾಗ ಮೆಷಿನ್ ಅರ್ಧಕ್ಕೆ ನಿಂತು, ಅವನ ಕತ್ತಿನ ಮೇಲಿನ ಗೆರೆ ಎಡಗಡೆ ಒಂದು ಅಕ್ಕಿಕಾಳಿನಷ್ಟು ಮೇಲಕ್ಕೆ ಓರೆಯಾಗಿ ಉಳಿದಿತ್ತು. ಮಾವ ಅಲ್ಲಿಗೆ ಕತ್ತಿ ತಾಗಿಸುತ್ತಿದ್ದ ಹಾಗೆ ಪೇದೆಯ ಫೋನಿನ ಚಿತ್ರ ನನ್ನ ಕಣ್ಣಿಗೆ ಬಂತು. ಅದೇ ಓರೆ. ಹದಿನಾರು ವರ್ಷ ಆ ತಲೆಯ ಪಕ್ಕ ಮಲಗಿದವಳು ನಾನು, ನನಗೆ ಗುರುತು ಸಿಕ್ಕಿರಲಿಲ್ಲ. ಅವರು ತಮ್ಮದೇ ಕೈಯ ಅರ್ಧ ಕೆಲಸವನ್ನು ಬೇರೆಯವರ ಫೋನಿನಲ್ಲಿ ಕಂಡು ಹಿಡಿದಿದ್ದರು.

ಎರಡು ನಿಮಿಷದಲ್ಲಿ ಗೆರೆ ನೇರವಾಯಿತು. ಮಾವ ಉದುರಿದ ಕೂದಲನ್ನು ತಾವೇ ಗುಡಿಸಿದರು.

ಆಮೇಲೆ ನಾನು ಟವಲು ತೆಗೆದುಕೊಡಲು ಹೋದಾಗ ಕೇಳಿದರು. "ಮಧ್ಯಾಹ್ನ ನೀನೂ ನೋಡಿದ್ಯಾ?"

"ನೋಡಿದೆ ಮಾವ."

"ಏನು ಕಾಣ್ತು?"

"ಏನೂ ಕಾಣಲಿಲ್ಲ."

"ಹಂಗಾದ್ರೆ ಸರಿ," ಎಂದು ಒಳಗೆ ಹೋದರು.

ಅವತ್ತು ರಾತ್ರಿ ಆಲೂಗಡ್ಡೆ ಪಲ್ಯ, ಮೊಟ್ಟೆ. ಸಾಧು ಎರಡು ಸಲ ಹಾಕಿಸಿಕೊಂಡು ತಿಂದ. ಮಗಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ. "ಶಾಲೆ ರಸ್ತೆಯಲ್ಲಿ ಹುಷಾರಾಗಿ ಹೋಗಮ್ಮ," ಎಂದು ಬುದ್ಧಿ ಬೇರೆ ಹೇಳಿದ. ನಾನು ಅವನನ್ನೇ ನೋಡುತ್ತಿದ್ದೆ. ಕಳ್ಳರೆಂದರೆ ಹೇಗಿರುತ್ತಾರೋ ಏನೋ ಎಂದುಕೊಂಡಿದ್ದೆ. ಹೀಗೆ ಮಗಳ ಚೈನಿಗೆ ಎಣ್ಣೆ ಬಿಡುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಅವನು ಹೌದು ಎನ್ನುತ್ತಾನೆ ಎಂಬುದು ಗೊತ್ತಿತ್ತು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಮುಂದಿನ ಸೋಮವಾರ ಪೇದೆ ಮತ್ತೆ ಬಂದ. ಈ ಸಲ ಗಡ್ಡಕ್ಕೆ. ಖುಷಿಯಾಗಿದ್ದ.

"ಸಿಕ್ಕಿದ ಅಜ್ಜ. ಹಳೇ ಪೇಪರಿನವನು."

ಹಳೇ ಪೇಪರಿನವನು ನಮ್ಮ ಮನೆಗೂ ಬರುತ್ತಿದ್ದ. ತಳ್ಳುಗಾಡಿ, ಒಂದು ತಕ್ಕಡಿ, ಬಿಸಿಲಿಗೆ ತಲೆಯ ಮೇಲೊಂದು ಬಟ್ಟೆ. ತೂಕದಲ್ಲಿ ಮೋಸ ಮಾಡದ ಏಕೈಕ ಮನುಷ್ಯ ಎಂದು ಅತ್ತೆ ಸರ್ಟಿಫಿಕೇಟ್ ಕೊಟ್ಟಿದ್ದರು.

"ಅವನ ಗಾಡಿ ಅದೇ ಬೆಳಿಗ್ಗೆ ಆ ರಸ್ತೆಯಲ್ಲಿ ಹೋಗಿದೆ. ಗಾಡಿಯಲ್ಲಿ ಕಬ್ಬಿಣನೂ ಇತ್ತು. ಇನ್ನೇನು ಬೇಕು?"

ಇಸ್ತ್ರಿ ಮಾಡಿದ ಟವಲು ತಂದ ಅತ್ತೆ ಅಲ್ಲೇ ನಿಂತರು. "ಅವನಿಗೆ ಹಿಂದ್ಗಡೆ ಬೋಳಲ್ವಾ? ನೀನು ತೋರಿಸಿದ್ದು ಕೂದಲು ತುಂಬಿರೋ ತಲೆ ಅಂತ ಸೊಸೆ ಹೇಳಿದ್ಲು."

"ಫೋಟೋ ಅಷ್ಟು ಕ್ಲಿಯರ್ ಇಲ್ಲ ಬಿಡಮ್ಮ."

ಮಾವನ ಕತ್ತಿ ಪೇದೆಯ ಕಿವಿಯ ಕೆಳಗೆ ತಗುಲಿ ರಕ್ತ ಬಂತು. ಮಾವ ಹತ್ತಿ ಒತ್ತಿ ಹಿಡಿದು ಹಾಗೇ ನಿಂತರು. ನಲವತ್ತಾರು ವರ್ಷದಲ್ಲಿ ಮೊದಲ ಗಾಯ. ಪೇದೆ ನಕ್ಕ. "ನಿಜವಾಗ್ಲೂ ವಯಸ್ಸಾಯ್ತು ನಿಮಗೆ."

ಆ ದಿನದಿಂದ ಮಾವ ಕತ್ತಿ ಹಿಡಿಯಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದರು, ಬಂದವರಿಗೆ ಕೈ ನೋವು ಎನ್ನುತ್ತಿದ್ದರು, ತಾವೇ ಗಿರಾಕಿಯ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಅತ್ತೆಗೆ ತಲೆ ಕೆಟ್ಟಿತು.

"ಕೈ ನೋವಾದ್ರೆ ಡಾಕ್ಟ್ರ ಹತ್ರ ಹೋಗ್ಬೇಕು. ಕುರ್ಚಿ ಕಾಯ್ಕೊಂಡು ಕೂತ್ರೆ ವಾಸಿಯಾಗುತ್ತಾ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು."

"ನನಗೆ ಯಾವತ್ತು ಏನು ಗೊತ್ತಾಗಿದೆ? ಟವಲು ಬೇಯಿಸೋಕೆ ಮಾತ್ರ ನಾನು ಬೇಕು."

"ಟವಲೂ ಬೇಯಿಸಬೇಡ. ಯಾರೂ ಬರ್ತಿಲ್ವಲ್ಲ."

"ಅಜ್ಜಿ, ಅಜ್ಜ ಇಬ್ಬರೂ ಒಂದೊಂದು ಸ್ಟೂಲ್ ಹಾಕ್ಕೊಂಡು ಮುಂದುವರಿಸಿ, ನಾನು ಸ್ಕೂಲಿಗೆ ಹೊರಟೆ," ಎಂದಳು ಮಗಳು. ಅತ್ತೆ ಅವಳ ಜಡೆ ಎಳೆದು ಕಳಿಸಿದರು. ಸಾಧು ಇದೆಲ್ಲದರ ನಡುವೆ ಬಂದು ಹೋಗುತ್ತಿದ್ದ. ಆದರೆ ಹಳೇ ಪೇಪರಿನವನ ಸುದ್ದಿ ತಿಳಿದ ಮೇಲೆ ಅವನ ಊಟ ಕಡಿಮೆಯಾಗಿತ್ತು. ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದ.

ಅತ್ತೆ ವಾರಕ್ಕೆರಡು ಸಲ ಅಂಚೆಯಮ್ಮನಿಗೆ ಸೂಪು ಮಾಡಿ ಕಳಿಸುತ್ತಿದ್ದರು. ತೆಗೆದುಕೊಂಡು ಹೋಗುವವಳು ನಾನು. ಅವರು ಮಂಚದಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿ, ಇನ್ನೂ ಬೀದಿಯ ಸುದ್ದಿ ಕೇಳುತ್ತಿದ್ದರು.

"ಅಷ್ಟು ವರ್ಷದಿಂದ ಓಡಾಡೋ ರಸ್ತೆ. ಗುಂಡಿ ಕಾಣಲಿಲ್ವಾ ನಿಮಗೆ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

"ಎಲ್ಲಿ ಕಾಣುತ್ತೆ? ಮೇಲೆ ಒಂದು ಟೊಂಗೆ ಬಿದ್ದಿತ್ತು. ಒಳ್ಳೆ ಎಲೆ ತುಂಬಿರೋ ಟೊಂಗೆ. ನಾನು ಪಕ್ಕದಲ್ಲಿ ಹೋಗಿಬಿಡಬಹುದಿತ್ತು. ಇನ್ನೇನು ಮಕ್ಕಳು ಸೈಕಲ್ಲಲ್ಲಿ ಬರ್ತವೆ, ಚಕ್ರಕ್ಕೆ ಸಿಕ್ಕಿದ್ರೆ ಮೂತಿ ಒಡ್ಕೋತವೆ ಅಂತ ಇಳಿದು ಎಳೆಯೋಕೆ ಹೋದೆ. ಟೊಂಗೆ ಜೊತೆ ನಾನೂ ಹೋದೆ." ಅವರು ಸೂಪು ಕುಡಿದು ಬಟ್ಟಲು ಕೊಟ್ಟರು. "ಉಪ್ಪು ಸ್ವಲ್ಪ ಜಾಸ್ತಿ. ಅತ್ತೆಗೆ ಹೇಳಬೇಡ."

ಗಾಳಿಗೆ ಬಿದ್ದ ಟೊಂಗೆ ಎಂದೇ ಅವರೂ ತಿಳಿದಿದ್ದರು, ನಾನೂ ತಿಳಿದೆ.

ಹೀಗೆ ಅಂಚೆಯಮ್ಮ ಬಿದ್ದು ಮೂರು ವಾರ ಹತ್ತಿರವಾಯಿತು. ಒಂದು ಗುರುವಾರ ರಾತ್ರಿ ಊಟಕ್ಕೆ ಕೂತಾಗ ಮಗಳು ನೋಟ್‌ಬುಕ್ಕನ್ನು ತಟ್ಟೆಯ ಪಕ್ಕ ಇಟ್ಟುಕೊಂಡಳು.

"ಪ್ರಬಂಧ. ಆಧುನಿಕ ಸಮಾಜದಲ್ಲಿ ಅಪರಾಧಕ್ಕೆ ಕಾರಣಗಳು. ಎಂಟು ಪಾಯಿಂಟ್ ಬೇಕು. ಬಡತನ, ನಿರುದ್ಯೋಗ, ಕುಡಿತ, ಕೆಟ್ಟ ಸಹವಾಸ, ಸಿನಿಮಾ, ಮೊಬೈಲು. ಆರಾಯ್ತು. ಇನ್ನೆರಡು ಹೇಳಿ."

"ದುರಾಸೆ. ಬರ್ಕೋ," ಎಂದರು ಅತ್ತೆ ಅನ್ನ ಬಡಿಸುತ್ತಾ. "ಮೊದಲು ಆ ಬುಕ್ ತೆಗಿ, ಎಣ್ಣೆಯಾಗುತ್ತೆ."

"ಏಳು. ಅಪ್ಪಾ, ನೀನೊಂದು ಹೇಳು."

ಸಾಧು ತಲೆ ಎತ್ತಲಿಲ್ಲ. "ಸುಮ್ನೆ."

"ಸುಮ್ನೆ ಏನು?"

"ಸುಮ್ನೆನೂ ಮಾಡ್ತಾರೆ. ಬರ್ಕೋ."

"ಹಾಗೆ ಬರೆದ್ರೆ ಮೇಷ್ಟ್ರು ಸೊನ್ನೆ ಕೊಡ್ತಾರೆ. ಪ್ರತಿಯೊಂದಕ್ಕೂ ಉದಾಹರಣೆ ಕೊಡ್ಬೇಕು."

"ಉದಾಹರಣೆ ನಾನೇ," ಎಂದ ಸಾಧು.

ಮಗಳು ನಕ್ಕಳು. ಮತ್ಯಾರೂ ನಗದಿದ್ದನ್ನು ನೋಡಿ ನಿಲ್ಲಿಸಿದಳು.

"ಮುಚ್ಚಳ ಎತ್ತಿದ್ದು ನಾನು. ಐದೂ ನಾನೇ."

ಅತ್ತೆಯ ಕೈಯ ಸೌಟು ಪಾತ್ರೆಯ ಮೇಲೆ ನಿಂತಿತು. ಸಾಧು ಟೈಲ್ಸ್ ಲೆಕ್ಕ ಒಪ್ಪಿಸುವವನ ಹಾಗೆ ಹೇಳುತ್ತಾ ಹೋದ. ಮೊದಲನೆಯದು ಒಡೆದಿತ್ತಂತೆ, ಯಾರೋ ಎತ್ತಿ ಗೋಡೆಗೆ ಒರಗಿಸಿದ್ದರಂತೆ. ಗೋದಾಮಿನ ಹಮಾಲಿ "ಗುಜರಿಗೆ ಹಾಕು, ಯಾರದ್ದೂ ಅಲ್ಲ ಅದು" ಎಂದನಂತೆ. ಹಾಕಿದ.

"ಎರಡನೇದು ಒಡೆದಿರಲಿಲ್ಲ. ಆದ್ರೆ ಕೈಗೆ ಆಗಲೇ ಅಭ್ಯಾಸ ಆಗಿತ್ತಮ್ಮ. ಅಷ್ಟು ಭಾರದ್ದು, ಎತ್ತೋವಾಗ ಏನೂ ಅನ್ನಿಸಲಿಲ್ಲ. ಯಾರ ಮನೆಗೂ ನುಗ್ಗಲಿಲ್ಲ, ಯಾರ ಜೇಬಿಗೂ ಕೈ ಹಾಕಲಿಲ್ಲ. ರಸ್ತೆದು."

"ದುಡ್ಡು ಏನು ಮಾಡ್ದೆ?" ಎಂದು ಕೇಳಿದೆ.

"ವ್ಯಾನಲ್ಲೇ ಇದೆ. ಒಂದೆರಡು ಸಲ ಟೀ ಕುಡಿದೆ."

ಟೀ ಕುಡಿದ. ನನಗೆ ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಬಂದಿದ್ದು ಬೆರಗು. ಒಬ್ಬ ಹೆಂಗಸಿನ ತೊಡೆ ಮುರಿದು, ಒಬ್ಬ ಗಂಡಸು ಲಾಕಪ್ಪಿನಲ್ಲಿ ಕೂತಿದ್ದಾನೆ. ಇಷ್ಟು ದೊಡ್ಡದರ ಬುಡ ಕೆದಕಿದರೆ ಹಸಿವಿಲ್ಲ, ದ್ವೇಷವಿಲ್ಲ, ಒಂದೆರಡು ಲೋಟ ಟೀ ಇದೆ. ಇಷ್ಟೇನಾ ಬೇಕಾಗುವುದು ಎಂದು ನಾನು ತಬ್ಬಿಬ್ಬಾಗಿ ಕೂತೆ.

ಮಾವ ಕೈ ತೊಳೆಯದೆ ಮಾತಾಡಿದರು. "ಪೇದೆಗೆ ಗೊತ್ತಿಲ್ಲ ಅಂತ ಸುಳ್ಳು ಹೇಳಿದ್ದು ನಾನು. ನಿನ್ನ ಕತ್ತಿನ ಗೆರೆ ತಿದ್ದಿದ್ದು ಅದಕ್ಕೇ."

ಸಾಧು ಬಾಯಿ ತೆರೆದು ತಂದೆಯನ್ನು ನೋಡಿದ. "ನಿನಗೆ ಗೊತ್ತಿತ್ತಾ ಅಪ್ಪ?"

"ನೋಡಿದ ತಕ್ಷಣ."

"ನನಗೂ ಗೊತ್ತಿತ್ತು," ಎಂದೆ.

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಎಲ್ಲರೂ ಸೇರಿ ನನ್ನೊಬ್ಬಳನ್ನ ಟವಲು ಬೇಯಿಸೋಕೆ ಬಿಟ್ರಿ," ಎಂದರು. ಆಮೇಲೆ ಸೌಟು ಕೆಳಗಿಟ್ಟು, ದನಿ ತಗ್ಗಿಸಿ, "ಆಗಿದ್ದು ಆಗಿಹೋಯ್ತು. ಈ ಮಾತು ಈ ಕೋಣೆ ಬಿಟ್ಟು ಹೋಗಬಾರದು. ಎಲ್ಲರೂ ಊಟ ಮಾಡಿ."

"ಅಜ್ಜಿ, ಪೇಪರ್ ಅಂಕಲ್ ಒಳಗಿದಾರೆ," ಎಂದಳು ಮಗಳು.

"ನಿನ್ನ ಅಪ್ಪ ಒಳಗೆ ಹೋಗಬೇಕಾ?"

"ಹಂಗಲ್ಲ. ಆದ್ರೆ ಅವರು ಏನೂ ಮಾಡಿಲ್ಲ."

"ಚಿಕ್ಕವಳು ಚಿಕ್ಕವಳ ಹಾಗಿರು."

"ಇದೂ ಒಂದು ಪಾಯಿಂಟಾ ಅಜ್ಜಿ?" ಎಂದು ಮಗಳು ಅಳತೊಡಗಿದಳು. ಅವತ್ತಿನ ತನಕ ಅತ್ತೆ ಒಬ್ಬರ ಶರ್ಟಿನ ಒಂದು ಗುಂಡಿಯನ್ನೂ ಇಟ್ಟುಕೊಂಡವರಲ್ಲ. ಕೇಳಿದ ಎರಡೇ ನಿಮಿಷದಲ್ಲಿ ಅವರೂ ನಮ್ಮ ಜೊತೆ ಸೇರಿಬಿಟ್ಟಿದ್ದರು.

"ನಾನು ಯಾರಿಗೂ ಕೆಟ್ಟದ್ದಾಗಲಿ ಅಂತ ಮಾಡಿಲ್ಲ," ಎಂದ ಸಾಧು. "ಪ್ರತಿ ಸಲ ಗುಂಡಿ ಮೇಲೆ ಒಂದು ಟೊಂಗೆ ಮುರಿದು ಇಡ್ತಿದ್ದೆ. ಯಾರೂ ಬೀಳದೇ ಇರ್ಲಿ ಅಂತ. ಅವತ್ತೂ ಇಟ್ಟಿದ್ದೆ. ಗಾಳಿಗೆ ಹಾರಿ ಹೋಗಿರಬೇಕು."

ಇವನಿಗೆ ಆಧಾರವಾಗಿ ಉಳಿದಿದ್ದು ಅದೊಂದೇ, ಅದನ್ನು ನಾನು ಕಿತ್ತುಕೊಳ್ಳಬೇಕಿತ್ತು. ಹೇಳದಿದ್ದರೆ ಅವನು ಇನ್ನೂ ಎಷ್ಟು ದಿನ ಆ ಟೊಂಗೆ ಹಿಡಿದುಕೊಂಡು ಊಟಕ್ಕೆ ಕೂರುತ್ತಿದ್ದನೋ.

"ಹಾರಿ ಹೋಗಿರಲಿಲ್ಲ ಕಣೋ," ಎಂದೆ. "ಅಲ್ಲೇ ಇತ್ತು. ಮಕ್ಕಳ ಚಕ್ರಕ್ಕೆ ಸಿಗುತ್ತೆ ಅಂತ ಅದನ್ನ ತೆಗೆಯೋಕೆ ಹೋಗೇ ಅಂಚೆಯಮ್ಮ ಬಿದ್ದಿದ್ದು. ಎಲೆ ಮುಚ್ಚಿ ಗುಂಡಿ ಕಾಣಲಿಲ್ಲ ಅವರಿಗೆ."

ಸಾಧು ಎಂಜಲು ಕೈಯನ್ನು ಹಾಗೇ ಹಿಡಿದುಕೊಂಡು ಕೂತ. ಅನ್ನ ಕೈಯ ಮೇಲೆ ಒಣಗಿತು. ಅತ್ತೆ ಕೊನೆಗೆ ನೀರು ತಂದು, ಮಗುವಿಗೆ ತೊಳೆಯುವ ಹಾಗೆ ತಾವೇ ಆ ಕೈ ತೊಳೆದರು.

ಬೆಳಿಗ್ಗೆ ಅವನು ವ್ಯಾನಿನ ಕೀ ತೆಗೆದುಕೊಳ್ಳಲಿಲ್ಲ. ನಡೆದೇ ಹೊರಟ. ಮಾವ ಶರ್ಟು ಹಾಕಿಕೊಂಡು ಹಿಂದೆ ಹೊರಟರು. ನಾನೂ ಹೊರಟೆ. ಅತ್ತೆ ಬರಲಿಲ್ಲ, ಒಂದು ದೊಡ್ಡ ಬುತ್ತಿ ಡಬ್ಬಿ ನನ್ನ ಕೈಗೆ ತುರುಕಿದರು. "ಒಳಗಿರೋ ಅವನಿಗೂ ಸೇರಿಸಿ ಹಾಕಿದೀನಿ," ಎಂದು ಬಾಗಿಲು ಹಾಕಿಕೊಂಡರು.

ಠಾಣೆಯಲ್ಲಿ ಪೇದೆ ಎಲ್ಲ ಕೇಳಿ ಮೊದಲು ನಕ್ಕ, ಆಮೇಲೆ ಬೆವರಿದ. "ಸಾಧು, ತಲೆ ಕೆಟ್ಟಿದ್ಯಾ? ಆ ಕೇಸ್ ಮುಗೀತು. ಅವನು ಒಪ್ಕೊಂಡು ಸಹಿ ಹಾಕಿದಾನೆ."

"ಮಾಡದೇ ಇರೋದನ್ನ ಹೇಗೆ ಒಪ್ಕೊಂಡ?" ಎಂದು ಕೇಳಿದರು ಮಾವ.

ಪೇದೆ ಕಿಟಕಿಯ ಕಡೆ ನೋಡಿದ. "ಕೂರಿಸಿ ಕೇಳ್ತಾ ಇದ್ರೆ ಯಾರು ಬೇಕಾದ್ರೂ ಒಪ್ಕೋತಾರೆ ಅಜ್ಜ. ಮನೆಗೆ ಹೋಗಿ. ಯಾರೂ ನಿಮ್ಮನ್ನ ಕೇಳ್ತಿಲ್ಲ."

ನಿಜವೇ, ಯಾರೂ ಕೇಳುತ್ತಿರಲಿಲ್ಲ. ಬಾಗಿಲು ತೆರೆದೇ ಇತ್ತು, ಆಚೆ ಬಿಸಿಲು, ಬಸ್ಸು, ಜನ. ಇನ್ನೊಬ್ಬ ಅವನ ಪಾಲಿನದನ್ನು ಹೊತ್ತಾಗಿತ್ತು. ಎದ್ದು ಬಂದುಬಿಟ್ಟಿದ್ದರೆ ಸಾಧುವಿನ ಕಡೆ ಜಗತ್ತಿನಲ್ಲಿ ಒಬ್ಬರೂ ಬೆರಳು ತೋರಿಸುತ್ತಿರಲಿಲ್ಲ. ನನ್ನ ಮನಸ್ಸು ಒಂದು ಕ್ಷಣ ಬಾಗಿಲ ಕಡೆ ವಾಲಿತು, ಸುಳ್ಳೇಕೆ ಹೇಳಲಿ. ಸಾಧು ಗೋಡೆಯ ಬೆಂಚಿನ ಮೇಲೆ ಕೂತ. "ಅವನನ್ನ ಬಿಡೋ ತನಕ ಇಲ್ಲೇ ಇರ್ತೀನಿ," ಎಂದ. ಯಾರಿಗೂ ಎದುರಾಡದ ಮನುಷ್ಯ. ಮಾವ ಪಕ್ಕದಲ್ಲಿ ಕೂತರು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದು, ಟೋಪಿ ತೆಗೆದಿಟ್ಟು, ಫೈಲು ತಿರುಗಿಸುತ್ತಾ ಗದರಿದರು. "ಹಿಂದಲೆ ನೋಡಿ ಮನುಷ್ಯನ್ನ ಹೇಳೋದಾ? ಕೋರ್ಟಲ್ಲಿ ನಗ್ತಾರೆ ಅಜ್ಜ."

ಮಾವ ಎದ್ದು ನಿಂತರು. "ನೀವು ನಮ್ಮ ಕಡೆಗೆ ಬೆನ್ನು ಹಾಕಿ ನಿಂತಿದ್ರಲ್ಲ ಸಾರ್, ಆಗ ನೋಡಿದೆ. ನಿಮ್ಮ ತಲೆ ಬಲಗಡೆ ಚಪ್ಪಟೆ. ಹುಟ್ಟಿ ಕೆಲವು ತಿಂಗಳು ಒಂದೇ ಮಗ್ಗುಲಲ್ಲಿ ಮಲಗಿದ್ರಿ, ಕಾಯಿಲೆ ಇರಬೇಕು. ಸುಳಿ ಪಕ್ಕ ಹಳೇ ಹೊಲಿಗೆ ಮೂರಿದೆ. ಈಗಿನ ಕ್ಷೌರ ಮಾಡಿದವನು ಎಡಗೈಯವನು."

ಇನ್ಸ್‌ಪೆಕ್ಟರ್ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಯಿತು.

"ಆ ಫೋಟೋದಲ್ಲಿ ಎರಡು ಸುಳಿ ಇದೆ. ಕತ್ತಿನ ಗೆರೆ ಎಡಕ್ಕೆ ಓರೆ. ಅದು ನನ್ನ ಕೈ. ಈಗ ಇವನ ಕತ್ತಲ್ಲಿ ಆ ಓರೆ ಇಲ್ಲ, ತಿದ್ದಿದ್ದೂ ನಾನೇ. ನನ್ನ ಹೆಸರನ್ನೂ ಬರ್ಕೊಳ್ಳಿ," ಎಂದರು ಮಾವ. ಮಗನ ಹೆಗಲ ಮೇಲೆ ಕೈ ಇಟ್ಟರು. ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು.

ಇನ್ಸ್‌ಪೆಕ್ಟರ್ ಪೇದೆಯನ್ನು ಒಮ್ಮೆ ನೋಡಿ, ಹೊಸ ಹಾಳೆ ತೆಗೆದುಕೊಂಡರು. ಬರೆದು ಮುಗಿಯುವಾಗ ನಾಲ್ಕು ಗಂಟೆ. ಸಾಧು ಸಹಿ ಹಾಕಿದ. ಮಾವನೂ ಹಾಕಿದರು. ಆಮೇಲೆ ಹಳೇ ಪೇಪರಿನವನನ್ನು ಒಳಗಿನಿಂದ ಕರೆತಂದರು. ಅರ್ಧ ಆಗಿಹೋಗಿದ್ದ. ತಲೆಯ ಮೇಲೆ ಬಟ್ಟೆ ಇರಲಿಲ್ಲ, ಬೋಳು ಬೆಳಕಿಗೆ ಹೊಳೆಯುತ್ತಿತ್ತು. ಯಾಕೆ ಕರೆದರು ಎಂದು ಗೊತ್ತಾಗದೆ, ಗೋಡೆ ಹಿಡಿದು ನಿಂತ.

"ನೀನು ಹೋಗಬಹುದು. ಮುಚ್ಚಳ ಎತ್ತಿದವನು ಇವನು," ಎಂದರು ಇನ್ಸ್‌ಪೆಕ್ಟರ್.

ಅವನು ಸಾಧುವನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆ, ಹೊಡೆಯುತ್ತಾನೆ, ಉಗಿಯುತ್ತಾನೆ ಎಂದುಕೊಂಡು ನಾನು ಬುತ್ತಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡೆ. ಅವನು ಹತ್ತಿರ ಬಂದು, ಗುಟ್ಟು ಕೇಳುವವನ ಹಾಗೆ ಕೇಳಿದ.

"ಹಂಗಾದ್ರೆ ನಾನಲ್ವಾ? ದಿನಾ ಕೇಳಿ ಕೇಳಿ, ನಾನೇ ಎತ್ತಿದ್ನೇನೋ, ನನಗೇ ಮರೆತು ಹೋಗಿದ್ಯೇನೋ ಅನ್ನಿಸಿಬಿಟ್ಟಿತ್ತು."

ಸಾಧು ಎದ್ದು ನಿಂತ. "ನೀನಲ್ಲ. ನಾನು."

"ಇನ್ನೊಂದ್ಸಲ ಹೇಳಪ್ಪ," ಎಂದ ಹಳೇ ಪೇಪರಿನವನು.

"ನೀನಲ್ಲ," ಎಂದ ನನ್ನ ಗಂಡ. "ನೀನು ಏನೂ ಮಾಡಿಲ್ಲ."